ಆಸ್ಕರ್ ಸಾಲಾ: ಹಿಚ್‌ಕಾಕ್‌ನ ಹಕ್ಕಿಗಳಿಗೆ ದನಿ ಕೊಟ್ಟ ಜರ್ಮನ್ ಸಂಗೀತಗಾರ, ಒಂದೇ ವಾದ್ಯಕ್ಕೆ ಮುಡಿಪಾದ 70 ವರ್ಷ

ಆಲ್‌ಫ್ರೆಡ್ ಹಿಚ್‌ಕಾಕ್ ನಿರ್ದೇಶನದ 'ದಿ ಬರ್ಡ್ಸ್' (1963) ಚಿತ್ರದಲ್ಲಿ ಹಿನ್ನೆಲೆ ಸಂಗೀತವೇ ಇಲ್ಲ. ಪಿಟೀಲು ಇಲ್ಲ, ಡ್ರಮ್ಸ್ ಇಲ್ಲ, ಆರ್ಕೆಸ್ಟ್ರಾ ಇಲ್ಲ. ಆದರೂ ಚಿತ್ರ ನೋಡಿದವರ ಕಿವಿಯಲ್ಲಿ ಬಹುಕಾಲ ಉಳಿಯುವುದು ಅದರ ಸದ್ದೇ. ರೆಕ್ಕೆಗಳ ಬಡಿತ, ಕಿರುಚಾಟ, ಸಾವಿರಾರು ಕೊಕ್ಕುಗಳು ಒಟ್ಟಿಗೆ ಮರ ಕುಕ್ಕಿದಂಥ ಶಬ್ದ.

ಈ ಸದ್ದುಗಳ ಪೈಕಿ ಬಹುಪಾಲು ಹಕ್ಕಿಗಳದ್ದಲ್ಲ. ಅವು ತಯಾರಾಗಿದ್ದು ಜರ್ಮನಿಯ ಬರ್ಲಿನ್ ನಗರದ ಒಂದು ಸ್ಟುಡಿಯೊದಲ್ಲಿ. ತಯಾರಿಸಿದವರು ಆಸ್ಕರ್ ಸಾಲಾ. ಅವರ ಮುಂದಿದ್ದ ವಾದ್ಯದ ಹೆಸರು ಮಿಕ್ಸ್ಚರ್ ಟ್ರೌಟೋನಿಯಂ. ಆ ವಾದ್ಯವನ್ನು ಕಟ್ಟಿದವರು ಸಾಲಾ, ಅದಕ್ಕೆ ಸಂಗೀತ ಬರೆದವರು ಸಾಲಾ. ದಶಕಗಳ ಕಾಲ ಜಗತ್ತಿನಲ್ಲಿ ಅದನ್ನು ಪರಿಣತಿಯಿಂದ ನುಡಿಸಬಲ್ಲವರು ಕೂಡ ಅವರೊಬ್ಬರೇ.

ಇಂದು ಮೊಬೈಲ್ ಆ್ಯಪ್‌ನಲ್ಲೂ ಸಿಂಥಸೈಸರ್ ಸಿಗುತ್ತದೆ. ಸಿಂಥಸೈಸರ್ ಎಂಬ ಪದ ಜನರ ಬಾಯಿಗೆ ಬರುವುದಕ್ಕೂ ಮೂರು ದಶಕ ಮೊದಲೇ ವಿದ್ಯುತ್ತಿನಿಂದ ಸ್ವರ ಹುಟ್ಟಿಸಿ ವೇದಿಕೆಯಲ್ಲಿ ನುಡಿಸಿದವರಲ್ಲಿ ಸಾಲಾ ಒಬ್ಬರು. ಅವರ ಬದುಕು, ವಾದ್ಯ ಮತ್ತು ಸಾಧನೆಯ ಪೂರ್ಣ ವಿವರ ಇಲ್ಲಿದೆ.

ಒಂದು ನೋಟದಲ್ಲಿ

ಹೆಸರು: ಆಸ್ಕರ್ ಸಾಲಾ
ಜನನ: 1910 ಜುಲೈ 18, ಗ್ರೈಟ್ಸ್, ಥುರಿಂಗಿಯಾ ಪ್ರಾಂತ್ಯ, ಜರ್ಮನಿ
ನಿಧನ: 2002 ಫೆಬ್ರವರಿ 26, ಬರ್ಲಿನ್
ವಾದ್ಯ: ಟ್ರೌಟೋನಿಯಂ, ಮಿಕ್ಸ್ಚರ್ ಟ್ರೌಟೋನಿಯಂ
ಗುರು: ಸಂಗೀತ ಸಂಯೋಜಕ ಪಾಲ್ ಹಿಂಡೆಮಿತ್
ಪ್ರಸಿದ್ಧ ಕೆಲಸ: 'ದಿ ಬರ್ಡ್ಸ್' ಚಿತ್ರದ ಎಲೆಕ್ಟ್ರಾನಿಕ್ ಧ್ವನಿ

ಪಿಯಾನೊ ಕಲಿಯಲು ಬಂದ ಹುಡುಗ

ಸಾಲಾ ಹುಟ್ಟಿದ ಗ್ರೈಟ್ಸ್ ಪೂರ್ವ ಜರ್ಮನಿಯ ಭಾಗದ ಒಂದು ಸಣ್ಣ ಊರು. ತಂದೆ ಕಣ್ಣಿನ ವೈದ್ಯರು, ತಾಯಿ ಹಾಡುಗಾರ್ತಿ. ಮನೆಯಲ್ಲಿ ಸಂಗೀತದ ವಾತಾವರಣ ಇತ್ತು. ಬಾಲಕನಾಗಿದ್ದಾಗಲೇ ಪಿಯಾನೊ ಮತ್ತು ಆರ್ಗನ್ ಕಲಿತ ಸಾಲಾ, ಹದಿಹರೆಯದಲ್ಲಿ ಪಿಯಾನೊ ಕಛೇರಿಗಳನ್ನೂ ಕೊಟ್ಟಿದ್ದರು.

1929ರಲ್ಲಿ ಅವರು ಬರ್ಲಿನ್‌ಗೆ ಬಂದರು. ಅಲ್ಲಿನ ಸರ್ಕಾರಿ ಸಂಗೀತ ಕಾಲೇಜಿನಲ್ಲಿ ಪಾಲ್ ಹಿಂಡೆಮಿತ್ ಅವರ ಬಳಿ ಸಂಗೀತ ಸಂಯೋಜನೆ ಕಲಿಯುವುದು ಉದ್ದೇಶ. ಹಿಂಡೆಮಿತ್ ಆಗ ಜರ್ಮನಿಯ ಹೊಸ ಸಂಗೀತದ ಮುಂಚೂಣಿ ಹೆಸರು. ಎಲ್ಲವೂ ಅಂದುಕೊಂಡಂತೆ ನಡೆದಿದ್ದರೆ ಸಾಲಾ ಒಬ್ಬ ಪಿಯಾನೊ ವಾದಕರಾಗಿಯೋ, ಸಂಯೋಜಕರಾಗಿಯೋ ಉಳಿಯುತ್ತಿದ್ದರು. ಅದೇ ಕಟ್ಟಡದಲ್ಲಿದ್ದ ಒಂದು ಪ್ರಯೋಗಾಲಯ ಅವರ ದಾರಿ ಬದಲಿಸಿತು.

ರೇಡಿಯೊ ಪ್ರಯೋಗಾಲಯದಲ್ಲಿ ಹುಟ್ಟಿದ ವಾದ್ಯ

1920ರ ದಶಕದಲ್ಲಿ ರೇಡಿಯೊ ಹೊಸದು. ಅಂದಿನ ಮೈಕ್ ಮತ್ತು ಲೌಡ್‌ಸ್ಪೀಕರ್‌ಗಳಲ್ಲಿ ಪಿಟೀಲು, ಪಿಯಾನೊ ಸರಿಯಾಗಿ ಕೇಳಿಸುತ್ತಿರಲಿಲ್ಲ. ರೇಡಿಯೊಗೆ ಒಗ್ಗುವ ಸಂಗೀತ ಹೇಗಿರಬೇಕು ಎಂದು ಅಧ್ಯಯನ ಮಾಡಲು 1928ರಲ್ಲಿ ಆ ಕಾಲೇಜಿನಲ್ಲಿ ಒಂದು ರೇಡಿಯೊ ಪ್ರಯೋಗಾಲಯ ಶುರುವಾಯಿತು. ಎಂಜಿನಿಯರ್ ಫ್ರೀಡ್ರಿಶ್ ಟ್ರೌಟ್‌ವೈನ್ (1888-1956) ಅಲ್ಲಿಗೆ ಬಂದರು. ವಿದ್ಯುತ್ ಸಂಕೇತವನ್ನೇ ನೇರವಾಗಿ ಸ್ವರವಾಗಿಸುವ ವಾದ್ಯವೊಂದನ್ನು ಅವರು ರೂಪಿಸುತ್ತಿದ್ದರು. ಅವರ ಹೆಸರಿನಿಂದಲೇ ಅದಕ್ಕೆ ಟ್ರೌಟೋನಿಯಂ ಎಂಬ ಹೆಸರು ಬಂತು.

ಆ ಹೊತ್ತಿಗೆ ಇಂಥ ವಾದ್ಯಗಳು ಬೇರೆ ದೇಶಗಳಲ್ಲೂ ಇದ್ದವು. ರಷ್ಯಾದ ಲಿಯಾನ್ ಥೆರೆಮಿನ್ ಗಾಳಿಯಲ್ಲಿ ಕೈಯಾಡಿಸಿ ನುಡಿಸುವ ಥೆರೆಮಿನ್ ಕಂಡುಹಿಡಿದಿದ್ದರು. ಫ್ರಾನ್ಸ್‌ನಲ್ಲಿ 1928ರಲ್ಲಿ ಮೊರೀಸ್ ಮಾರ್ಟೆನೊ ತಮ್ಮ ವಾದ್ಯವನ್ನು ಜನರ ಮುಂದಿಟ್ಟಿದ್ದರು. ಟ್ರೌಟ್‌ವೈನ್ ಅವರದ್ದು ಜರ್ಮನಿಯ ಉತ್ತರ.

ಹಿಂಡೆಮಿತ್ ಈ ವಾದ್ಯಕ್ಕಾಗಿ ಕೃತಿ ಬರೆಯಲು ಒಪ್ಪಿದರು. ಪ್ರಯೋಗಾಲಯಕ್ಕೆ ಬಂದು ಕೈಜೋಡಿಸುತ್ತಿದ್ದ ವಿದ್ಯಾರ್ಥಿ ಸಾಲಾಗೆ ಅದನ್ನು ನುಡಿಸುವ ಜವಾಬ್ದಾರಿ ಬಂತು. 1930 ಜೂನ್ 20ರಂದು ಕಾಲೇಜಿನ ಸಭಾಂಗಣದಲ್ಲಿ ಮೊದಲ ಸಾರ್ವಜನಿಕ ಕಛೇರಿ ನಡೆಯಿತು. ಮೂರು ಟ್ರೌಟೋನಿಯಂಗಳಿಗಾಗಿ ಹಿಂಡೆಮಿತ್ ಬರೆದ ಏಳು ಕಿರು ಕೃತಿಗಳನ್ನು ಮೂವರು ನುಡಿಸಿದರು. ಆ ಮೂವರಲ್ಲಿ ಸಾಲಾ ಒಬ್ಬರು. ಆಗ ಅವರಿಗೆ ಇನ್ನೂ 20 ತುಂಬಿರಲಿಲ್ಲ.

ಮರುವರ್ಷ, 1931ರಲ್ಲಿ, ಹಿಂಡೆಮಿತ್ ಟ್ರೌಟೋನಿಯಂ ಮತ್ತು ತಂತಿವಾದ್ಯಗಳಿಗಾಗಿ ಇನ್ನೊಂದು ದೊಡ್ಡ ಕೃತಿ ಬರೆದರು. ಅದರ ಪ್ರಧಾನ ವಾದಕ ಸಾಲಾ. ವಾದ್ಯದ ಒಳಗುಟ್ಟು ತಿಳಿಯದೆ ಅದನ್ನು ಪೂರ್ತಿ ನುಡಿಸಲಾಗದು ಎಂಬುದು ಅವರಿಗೆ ಬೇಗ ಅರ್ಥವಾಯಿತು. 1932ರಿಂದ ಕೆಲ ವರ್ಷ ಅವರು ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದರು.

ಟ್ರೌಟೋನಿಯಂ ನುಡಿಸುವುದು ಹೇಗೆ?

ಮೊದಲ ನೋಟಕ್ಕೆ ಇದು ಕೀಬೋರ್ಡ್ ಇಲ್ಲದ ಹಾರ್ಮೋನಿಯಂ ಪೆಟ್ಟಿಗೆಯಂತೆ ಕಾಣುತ್ತದೆ. ಕೀಲಿಗಳ ಜಾಗದಲ್ಲಿ ಒಂದು ಲೋಹದ ಪಟ್ಟಿ, ಅದರ ಮೇಲೆ ಸ್ವಲ್ಪ ಎತ್ತರದಲ್ಲಿ ಬಿಗಿದ ಒಂದು ತಂತಿ. ತಂತಿಯನ್ನು ಬೆರಳಿನಿಂದ ಪಟ್ಟಿಗೆ ಒತ್ತಿದಾಗ ವಿದ್ಯುತ್ ಸಂಪರ್ಕ ಆಗಿ ಸ್ವರ ಹೊರಡುತ್ತದೆ. ಎಲ್ಲಿ ಒತ್ತುತ್ತೀರಿ ಎಂಬುದರ ಮೇಲೆ ಸ್ವರ ಎಷ್ಟು ಮೇಲೆ, ಎಷ್ಟು ಕೆಳಗೆ ಎಂಬುದು ನಿರ್ಧಾರವಾಗುತ್ತದೆ.

ಪಿಯಾನೊದಲ್ಲಿ 'ಸ' ಮತ್ತು 'ರಿ' ನಡುವೆ ಬಿಡಿ ಕೀಲಿಗಳಿವೆ. ಒಂದರಿಂದ ಇನ್ನೊಂದಕ್ಕೆ ಜಾರಲು ಆಗದು. ಟ್ರೌಟೋನಿಯಂನಲ್ಲಿ ಜಾರಬಹುದು. ಪಿಟೀಲಿನಲ್ಲಿ ಅಥವಾ ಮೆಟ್ಟಿಲಿಲ್ಲದ ಗೋಟುವಾದ್ಯದಲ್ಲಿ ಬರುವಂಥ ಗಮಕ, ಕಂಪನ ಇಲ್ಲೂ ಬೆರಳಿನಿಂದಲೇ ಬರುತ್ತದೆ. ಸ್ವರಸ್ಥಾನ ಗುರುತಿಸಲು ತಂತಿಯ ಮೇಲೆ ಕೆಲವು ಲೋಹದ ನಾಲಗೆಗಳನ್ನು ಜೋಡಿಸಲಾಗಿತ್ತು. ಉಳಿದದ್ದೆಲ್ಲ ಕಿವಿಯ ಕೆಲಸ.

ಇನ್ನೊಂದು ವಿಶೇಷ, ಒತ್ತಡ. ಬೆರಳು ಗಟ್ಟಿಯಾಗಿ ಒತ್ತಿದರೆ ಪಟ್ಟಿ ಕೆಳಗೆ ಇಳಿಯುತ್ತದೆ. ಕೆಳಗೆ ದ್ರವ ತುಂಬಿದ ಒಂದು ಸಾಧನ ಇದ್ದು, ಅದು ಒತ್ತಡಕ್ಕೆ ತಕ್ಕಂತೆ ದನಿಯ ಜೋರನ್ನು ಏರಿಸುತ್ತದೆ. ಹಾಗಾಗಿ ಒಂದೇ ಬೆರಳು ಸ್ವರವನ್ನೂ, ಅದರ ಏರಿಳಿತವನ್ನೂ ಒಟ್ಟಿಗೆ ನಿಭಾಯಿಸುತ್ತದೆ.

ಸ್ವರದ ಮೂಲ ಒಂದು ನಿಯಾನ್ ದೀಪದ ಸರ್ಕ್ಯೂಟ್. ಅದರಿಂದ ಬರುವುದು ಗರಗಸದ ಹಲ್ಲಿನ ಆಕಾರದ, ಒರಟು ವಿದ್ಯುತ್ ಅಲೆ. ಅದನ್ನು ಫಿಲ್ಟರ್‌ಗಳ ಮೂಲಕ ಹಾಯಿಸಿದಾಗ ಬೇಡದ ಅಂಶ ಕಡಿಮೆಯಾಗಿ, ಬೇಕಾದ ಅಂಶ ಎದ್ದು ಕಾಣುತ್ತದೆ. ನಮ್ಮ ಬಾಯಿ ಕೂಡ ಇದನ್ನೇ ಮಾಡುತ್ತದೆ. ಗಂಟಲಿನ ದನಿ ಒಂದೇ ಆದರೂ ಬಾಯಿಯ ಆಕಾರ ಬದಲಾದಂತೆ 'ಆ', 'ಈ', 'ಊ' ಆಗುತ್ತದೆ. ನಾಲ್ಕು ದಶಕಗಳ ನಂತರ ಜನಪ್ರಿಯವಾದ ಸಿಂಥಸೈಸರ್‌ಗಳು ಇದೇ ತತ್ವದ ಮೇಲೆ ಕೆಲಸ ಮಾಡಿದವು.

ಮಾರುಕಟ್ಟೆಯಲ್ಲಿ ಸೋಲು

ಟೆಲಿಫಂಕನ್ ಕಂಪನಿ ಈ ವಾದ್ಯದಲ್ಲಿ ಹಣ ಕಂಡಿತು. ಮನೆಯ ರೇಡಿಯೊಗೆ ಜೋಡಿಸಿ ನುಡಿಸಬಹುದಾದ ಸರಳ ಮಾದರಿಯೊಂದನ್ನು 1933ರಲ್ಲಿ 'ಜನರ ಟ್ರೌಟೋನಿಯಂ' ಎಂಬರ್ಥದ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಅದರ ತಯಾರಿಕೆಯಲ್ಲಿ ಸಾಲಾ ನೆರವಾಗಿದ್ದರು.

ಆದರೆ ಮಾರಾಟವಾಗಿದ್ದು ಬೆರಳೆಣಿಕೆಯಷ್ಟು. ಜರ್ಮನಿ ಆರ್ಥಿಕ ಕುಸಿತದಿಂದ ಇನ್ನೂ ಚೇತರಿಸಿಕೊಳ್ಳುತ್ತಿತ್ತು. ಯಾರಿಗೂ ನುಡಿಸಲು ಬಾರದ, ಕಲಿಸಲು ಮೇಷ್ಟ್ರಿಲ್ಲದ ವಾದ್ಯಕ್ಕೆ ಹಣ ಸುರಿಯುವವರು ಯಾರು? ಕೆಲ ವರ್ಷಗಳಲ್ಲಿ ಟೆಲಿಫಂಕನ್ ಕೈಬಿಟ್ಟಿತು. ಮನೆಮನೆಗೆ ಹೋಗಬೇಕಿದ್ದ ವಾದ್ಯ ಮತ್ತೆ ಒಬ್ಬ ವಾದಕನ ಕೈಯಲ್ಲೇ ಉಳಿಯಿತು.

ನಾಜಿ ಆಡಳಿತದ ವರ್ಷಗಳು

1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಜರ್ಮನಿಯ ಸಂಗೀತಲೋಕ ತಲೆಕೆಳಗಾಯಿತು. ಸಾಲಾ ಅವರ ಗುರು ಹಿಂಡೆಮಿತ್ ಮೇಲೆ ಆಡಳಿತದ ಕಣ್ಣು ಬಿತ್ತು. 1934ರ ಡಿಸೆಂಬರ್‌ನಲ್ಲಿ ಪ್ರಚಾರ ಸಚಿವ ಜೋಸೆಫ್ ಗೋಬೆಲ್ಸ್ ಬಹಿರಂಗ ಭಾಷಣದಲ್ಲೇ ಅವರ ಸಂಗೀತವನ್ನು ಹೀಯಾಳಿಸಿದರು. 1936ರಲ್ಲಿ ಅವರ ಕೃತಿಗಳ ಪ್ರದರ್ಶನಕ್ಕೆ ನಿಷೇಧ ಬಂತು. 1938ರಲ್ಲಿ ಹಿಂಡೆಮಿತ್ ಸ್ವಿಟ್ಜರ್ಲೆಂಡ್‌ಗೆ ಹೊರಟುಹೋದರು, ಅಲ್ಲಿಂದ 1940ರಲ್ಲಿ ಅಮೆರಿಕಕ್ಕೆ.

ಗುರುವನ್ನು ಹೊರಹಾಕಿದ ಅದೇ ಆಡಳಿತ ಶಿಷ್ಯನ ವಾದ್ಯವನ್ನು ಸ್ವೀಕರಿಸಿತು. ಟ್ರೌಟ್‌ವೈನ್ ನಾಜಿ ಪಕ್ಷದ ಸದಸ್ಯರಾಗಿದ್ದರು. 1935ರಲ್ಲಿ ಗೋಬೆಲ್ಸ್ ಎದುರು ಟ್ರೌಟೋನಿಯಂ ಪ್ರದರ್ಶನ ನಡೆಯಿತು. ಜರ್ಮನ್ ತಂತ್ರಜ್ಞಾನದ ಹೆಮ್ಮೆಯಾಗಿ ಅದನ್ನು ತೋರಿಸಬಹುದು ಎಂಬುದು ಆಡಳಿತಕ್ಕೆ ಅನುಕೂಲದ ಮಾತಾಗಿತ್ತು. ರೇಡಿಯೊಗಾಗಿ ದೊಡ್ಡ ಮಾದರಿ ಬಂತು. ಸಾಲಾ ಅವರ ವಾದನ ಆಕಾಶವಾಣಿಯಲ್ಲಿ ನಿಯಮಿತವಾಗಿ ಪ್ರಸಾರವಾಗತೊಡಗಿತು. 1938ರಲ್ಲಿ, ಊರಿಂದೂರಿಗೆ ಒಯ್ಯಬಹುದಾದ ಕಛೇರಿ ಮಾದರಿ ತಯಾರಾಯಿತು.

ಹಿಂಡೆಮಿತ್ ಅವರ ಇನ್ನೊಬ್ಬ ಶಿಷ್ಯ ಹೆರಾಲ್ಡ್ ಗೆನ್ಜ್‌ಮರ್, ಟ್ರೌಟೋನಿಯಂ ಮತ್ತು ಆರ್ಕೆಸ್ಟ್ರಾಗಾಗಿ ಪೂರ್ಣಪ್ರಮಾಣದ ಕೃತಿ ಬರೆದರು. 1940ರಲ್ಲಿ ಬರ್ಲಿನ್ ಫಿಲ್ಹಾರ್ಮೋನಿಕ್ ಜೊತೆ ಸಾಲಾ ಅದನ್ನು ಮೊದಲ ಬಾರಿಗೆ ನುಡಿಸಿದರು. ಯುರೋಪ್ ಆಗ ಯುದ್ಧದಲ್ಲಿತ್ತು.

ಎಲೆಕ್ಟ್ರಾನಿಕ್ ಸಂಗೀತದ ಇತಿಹಾಸ ಬರೆಯುವವರು ಈ ಅಧ್ಯಾಯವನ್ನು ಸುಲಭವಾಗಿ ದಾಟಿಹೋಗಲು ಆಗದು. ಟ್ರೌಟೋನಿಯಂ ಆ ಹನ್ನೆರಡು ವರ್ಷ ಬದುಕುಳಿದದ್ದಕ್ಕೆ ಸಾಲಾ ಅವರ ಪ್ರತಿಭೆ ಎಷ್ಟು ಕಾರಣವೋ, ಅಂದಿನ ಆಡಳಿತಕ್ಕೆ ಅದು ಬೇಕಾಗಿದ್ದೂ ಅಷ್ಟೇ ಕಾರಣ.

ಯುದ್ಧದ ನಂತರ: ಮಿಕ್ಸ್ಚರ್ ಟ್ರೌಟೋನಿಯಂ

ಯುದ್ಧ ಮುಗಿದಾಗ ಬರ್ಲಿನ್ ಅವಶೇಷವಾಗಿತ್ತು. ಸಾಲಾ ಮತ್ತೆ ಶುರುಮಾಡಿದರು. ಈ ಬಾರಿ ಟ್ರೌಟ್‌ವೈನ್ ಜೊತೆಗಿರಲಿಲ್ಲ. ವಿನ್ಯಾಸವೂ ಸಾಲಾ ಅವರದ್ದೇ, ಬೆಸುಗೆಯೂ ಅವರದ್ದೇ. 1940ರ ದಶಕದ ಕೊನೆಯಲ್ಲಿ ಶುರುವಾದ ಕೆಲಸ 1952ರ ಹೊತ್ತಿಗೆ ಮಿಕ್ಸ್ಚರ್ ಟ್ರೌಟೋನಿಯಂ ಆಗಿ ಜನರ ಮುಂದೆ ಬಂತು. ಅದಕ್ಕೆ ಜರ್ಮನಿ, ಫ್ರಾನ್ಸ್ ಮತ್ತು ಅಮೆರಿಕದಲ್ಲಿ ಪೇಟೆಂಟ್ ದೊರೆಯಿತು.

ಇದರ ಹೊಸತನ ಏನು? ಸ್ವಲ್ಪ ಲೆಕ್ಕ ನೋಡೋಣ. ಒಂದು ತಂತಿಯನ್ನು ಮೀಟಿದಾಗ ಅದು ಸೆಕೆಂಡಿಗೆ 440 ಬಾರಿ ಕಂಪಿಸಿದರೆ, ಅದರೊಳಗೇ 880, 1320, 1760 ಕಂಪನಗಳ ಸೂಕ್ಷ್ಮ ಸ್ವರಗಳೂ ಇರುತ್ತವೆ. ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಹೀಗೆ ಮೇಲೇರುವ ಈ ಸರಣಿ ಪ್ರಕೃತಿಯಲ್ಲೇ ಇದೆ. ಸಾಲಾ ಇದನ್ನು ತಿರುಗಿಸಿದರು. 440ನ್ನು ಎರಡರಿಂದ, ಮೂರರಿಂದ, ನಾಲ್ಕರಿಂದ, ಐದರಿಂದ ಭಾಗಿಸಿದರೆ 220, ಸುಮಾರು 147, 110, 88 ಬರುತ್ತದೆ. ಮೇಲಿನ ಸರಣಿಯ ಕನ್ನಡಿ ಬಿಂಬದಂತೆ ಕೆಳಗಿಳಿಯುವ ಸ್ವರಗಳು. ಸಾಮಾನ್ಯ ವಾದ್ಯಗಳಲ್ಲಿ ಇವು ಹೀಗೆ ಸಿಗುವುದಿಲ್ಲ. ಸಾಲಾ ಅವರ ಸರ್ಕ್ಯೂಟ್ ಇವನ್ನು ವಿದ್ಯುತ್ತಿನಿಂದ ಹುಟ್ಟಿಸುತ್ತಿತ್ತು.

ಇಂಥ ನಾಲ್ಕು ಸ್ವರಗಳನ್ನು ಆರಿಸಿ ಬೆರೆಸಿದರೆ ಒಂದು 'ಮಿಶ್ರಣ'. ಹೆಸರಿನಲ್ಲಿರುವ 'ಮಿಕ್ಸ್ಚರ್' ಇದೇ. ಒಂದು ಬೆರಳು ಜಾರಿದರೆ ಇಡೀ ಮಿಶ್ರಣವೇ ಜೊತೆಗೆ ಜಾರುತ್ತದೆ. ವಾದ್ಯದಲ್ಲಿ ಎರಡು ತಂತಿಗಳು, ಎರಡೂ ಕೈಗೆ ಕೆಲಸ. ಕಾಲಿನ ಪೆಡಲ್‌ಗಳಿಂದ ದನಿಯ ಜೋರನ್ನೂ, ಮಿಶ್ರಣದ ಬದಲಾವಣೆಯನ್ನೂ ನಡೆಸಬೇಕು. ಗಂಟೆಯ ನಾದ, ಲೋಹದ ಘರ್ಷಣೆ, ಪ್ರಾಣಿಯ ಕೂಗು, ಎಲ್ಲವೂ ಇದರಿಂದ ಹೊರಟವು. ಜರ್ಮನಿಯ ಬೈರಾಯ್ಟ್ ಉತ್ಸವದಲ್ಲಿ ವಾಗ್ನರ್ ಅವರ 'ಪಾರ್ಸಿಫಾಲ್' ಸಂಗೀತ ನಾಟಕದ ದೇಗುಲದ ಗಂಟೆಗಳಿಗೆ ಸಾಲಾ ಅವರ ವಾದ್ಯ ಬಳಕೆಯಾಯಿತು.

ಅದೇ ಕಾಲಕ್ಕೆ ಜರ್ಮನಿಯ ಇನ್ನೊಂದು ತುದಿಯಲ್ಲಿ, ಕಲೋನ್ ರೇಡಿಯೊದ ಸ್ಟುಡಿಯೊದಲ್ಲಿ, ಎಲೆಕ್ಟ್ರಾನಿಕ್ ಸಂಗೀತದ ಬೇರೆಯದೇ ಶಾಲೆ ಬೆಳೆಯುತ್ತಿತ್ತು. ಕಾರ್ಲ್‌ಹೈನ್ಜ್ ಸ್ಟಾಕ್‌ಹೌಸನ್ ಅಲ್ಲಿನ ದೊಡ್ಡ ಹೆಸರು. ಟೇಪ್ ತುಂಡುಗಳನ್ನು ಕತ್ತರಿಸಿ ಅಂಟಿಸಿ, ಒಂದೊಂದೇ ಸ್ವರವನ್ನು ಲೆಕ್ಕಹಾಕಿ ಜೋಡಿಸುವುದು ಅವರ ವಿಧಾನ. ಅಲ್ಲಿ ವಾದಕ ಬೇಕಿರಲಿಲ್ಲ. ಸಾಲಾ ಅವರದ್ದು ತದ್ವಿರುದ್ಧ ನಿಲುವು. ಸ್ವರದ ಮೂಲ ವಿದ್ಯುತ್ ಇರಬಹುದು, ಆದರೆ ಅದನ್ನು ನುಡಿಸುವುದು ಮನುಷ್ಯನ ಕೈ ಆಗಿರಬೇಕು. ಸಂಗೀತದ ಇತಿಹಾಸ ಪುಸ್ತಕಗಳಲ್ಲಿ ಕಲೋನ್‌ಗೆ ಸಿಕ್ಕ ಜಾಗ ಸಾಲಾಗೆ ಸಿಗಲಿಲ್ಲ. ಅವರ ವಾದ್ಯ ಬೇರೊಂದು ಕಡೆ ನೆಲೆ ಕಂಡುಕೊಂಡಿತು.

ಸಿನಿಮಾ ಮತ್ತು ಜಾಹೀರಾತು

1958ರಲ್ಲಿ ಸಾಲಾ ಬರ್ಲಿನ್‌ನ ಮಾರ್ಸ್ ಫಿಲ್ಮ್ ಸಂಸ್ಥೆಯಲ್ಲಿ ಸ್ವಂತ ಸ್ಟುಡಿಯೊ ಶುರುಮಾಡಿದರು. ಅಲ್ಲಿಂದ ಮುಂದೆ ಕಥಾಚಿತ್ರ, ಸಾಕ್ಷ್ಯಚಿತ್ರ, ಕೈಗಾರಿಕಾ ಚಿತ್ರ, ಜಾಹೀರಾತು ಎಂದು ನೂರಾರು ಚಿತ್ರಗಳಿಗೆ ದನಿ ಕೊಟ್ಟರು. ಹಕ್ಕಿಯ ಕೂಗು, ಸುತ್ತಿಗೆ ಏಟು, ಬಾಗಿಲು ಬಡಿಯುವ ಸದ್ದು, ಎಲ್ಲವನ್ನೂ ಒಂದೇ ವಾದ್ಯದಿಂದ ತೆಗೆಯಬಲ್ಲವರು ಎಂಬ ಹೆಸರು ಬಂತು. ಜರ್ಮನಿಯ ಹಳೆಯ ತಲೆಮಾರಿನ ಟಿವಿ ವೀಕ್ಷಕರಿಗೆ ಚಿರಪರಿಚಿತವಾಗಿದ್ದ ಸಿಗರೇಟು ಜಾಹೀರಾತಿನ ಕಾರ್ಟೂನ್ ಪಾತ್ರಕ್ಕೂ ಅವರು ಕೆಲಸ ಮಾಡಿದ್ದರು.

ಈ ಪಟ್ಟಿಯಲ್ಲಿ ಭಾರತದ ನಂಟೂ ಒಂದಿದೆ. ಫ್ರಿಟ್ಸ್ ಲ್ಯಾಂಗ್ ನಿರ್ದೇಶನದ, ಭಾಗಶಃ ರಾಜಸ್ಥಾನದ ಉದಯಪುರದಲ್ಲಿ ಚಿತ್ರೀಕರಣವಾದ 1959ರ 'ದಾಸ್ ಇಂಡಿಷೆ ಗ್ರಾಬ್‌ಮಾಲ್' (ಭಾರತದ ಗೋರಿ) ಚಿತ್ರ ಸಾಲಾ ಅವರ ಎಲೆಕ್ಟ್ರಾನಿಕ್ ಧ್ವನಿಯ ಚಿತ್ರಗಳಲ್ಲಿ ಒಂದು.

ಸಿನಿಮಾದಲ್ಲಿ ಈ ವಾದ್ಯವನ್ನು ಬಳಸಿದ ರೀತಿ ಗಮನಿಸಬೇಕು. ನಾಜಿ ಕಾಲದಲ್ಲಿ ಕುಖ್ಯಾತ ಪ್ರಚಾರ ಚಿತ್ರ ಮಾಡಿದ್ದ ಫೈಟ್ ಹಾರ್ಲಾನ್, 1957ರ ತಮ್ಮ ಚಿತ್ರದಲ್ಲಿ ಸಲಿಂಗಕಾಮಿ ಪಾತ್ರಗಳು ಸೇರುವ ಮನೆಯ ವಾತಾವರಣವನ್ನು ಸೂಚಿಸಲು ಎಲೆಕ್ಟ್ರಾನಿಕ್ ಸಂಗೀತ ಬಳಸಿದರು. ಬೇರೆ ನಿರ್ದೇಶಕರಿಗೆ ಅದು ಕೊಲೆ, ಭಯ, ಯಂತ್ರಗಳ ದನಿ. ಹಿಂಡೆಮಿತ್ ಅವರ ಕೃತಿಯಲ್ಲಿ ಹಾಡಿದ್ದ ವಾದ್ಯಕ್ಕೆ ತೆರೆಯ ಮೇಲೆ ಸಿಕ್ಕಿದ್ದು ಬಹುತೇಕ ಹೆದರಿಸುವ ಕೆಲಸ. ಸಾಲಾ ಹೊಟ್ಟೆಪಾಡಿಗೆ ಆ ಕೆಲಸವನ್ನು ಮಾಡಿದರು, ಚೆನ್ನಾಗಿಯೇ ಮಾಡಿದರು.

'ದಿ ಬರ್ಡ್ಸ್' ಅವಕಾಶ ಬಂದದ್ದು ಹೇಗೆ?

ಅಮೆರಿಕದ ಸಂಯೋಜಕ ರೆಮಿ ಗ್ಯಾಸ್‌ಮನ್ ಕೂಡ ಬರ್ಲಿನ್‌ನಲ್ಲಿ ಹಿಂಡೆಮಿತ್ ಬಳಿ ಕಲಿತವರು. ಸಾಲಾ ಜೊತೆ ಸೇರಿ ಅವರು ರಚಿಸಿದ ಸಂಗೀತಕ್ಕೆ ಪ್ರಸಿದ್ಧ ನೃತ್ಯ ನಿರ್ದೇಶಕ ಜಾರ್ಜ್ ಬ್ಯಾಲಂಚೀನ್ 1961ರಲ್ಲಿ ನ್ಯೂಯಾರ್ಕ್ ಸಿಟಿ ಬ್ಯಾಲೆಗಾಗಿ 'ಎಲೆಕ್ಟ್ರಾನಿಕ್ಸ್' ಎಂಬ ನೃತ್ಯ ರೂಪಿಸಿದ್ದರು. ಹಿಚ್‌ಕಾಕ್ ಹಕ್ಕಿಗಳ ಚಿತ್ರ ಮಾಡುತ್ತಿದ್ದಾಗ ಗ್ಯಾಸ್‌ಮನ್ ಅವರಿಗೆ ಪತ್ರ ಬರೆದು ಸಾಲಾ ಅವರ ವಾದ್ಯದ ಬಗ್ಗೆ ತಿಳಿಸಿದರು.

ಹಿಚ್‌ಕಾಕ್‌ಗೆ ಆಗ ಒಂದು ಸಮಸ್ಯೆ ಇತ್ತು. ನಿಜವಾದ ಹಕ್ಕಿಗಳ ದನಿ ಎಲ್ಲರಿಗೂ ಪರಿಚಿತ, ಅದರಿಂದ ಭಯ ಹುಟ್ಟದು. ಸಂಗೀತ ಹಾಕಿದರೆ ಮುಂದೇನು ಆಗಲಿದೆ ಎಂದು ಪ್ರೇಕ್ಷಕರಿಗೆ ಮೊದಲೇ ಸುಳಿವು ಸಿಗುತ್ತದೆ. ಹಕ್ಕಿಯದ್ದು ಅನಿಸಬೇಕು, ಆದರೆ ಎಲ್ಲೂ ಕೇಳಿರಬಾರದು, ಅಂಥ ದನಿ ಅವರಿಗೆ ಬೇಕಿತ್ತು. 1962ರ ಕೊನೆಯಲ್ಲಿ ಹಿಚ್‌ಕಾಕ್ ಖುದ್ದು ಬರ್ಲಿನ್‌ಗೆ ಬಂದರು. ಅವರ 'ಸೈಕೋ' ಚಿತ್ರಕ್ಕೆ ಸಂಗೀತ ನೀಡಿದ್ದ ಬರ್ನಾರ್ಡ್ ಹೆರ್ಮನ್ ಈ ಚಿತ್ರಕ್ಕೆ ಧ್ವನಿ ಸಲಹೆಗಾರರಾಗಿದ್ದರು. ಟ್ರೌಟೋನಿಯಂ ಎದುರು ಸಾಲಾ ಜೊತೆ ಹಿಚ್‌ಕಾಕ್ ನಿಂತಿರುವ ಫೋಟೊಗಳು ಇಂದಿಗೂ ಪ್ರಸಿದ್ಧ.

ಚಿತ್ರದಲ್ಲಿ ಸದ್ದಿನಷ್ಟೇ ಮೌನಕ್ಕೂ ಲೆಕ್ಕಾಚಾರ ಇದೆ. ಶಾಲೆಯ ಹೊರಗೆ ನಾಯಕಿ ಬೆಂಚಿನ ಮೇಲೆ ಕೂತು ಸಿಗರೇಟು ಸೇದುತ್ತಿರುತ್ತಾಳೆ. ಅವಳ ಹಿಂದೆ ಕಾಗೆಗಳು ಒಂದೊಂದಾಗಿ ಬಂದು ಕೂರುತ್ತವೆ. ಆಗ ಕೇಳಿಸುವುದು ಒಳಗಿನಿಂದ ಬರುವ ಮಕ್ಕಳ ಹಾಡು ಮಾತ್ರ. ದಾಳಿ ಶುರುವಾದ ಮೇಲಷ್ಟೇ ಕೂಗು. ಕೊನೆಯ ದೃಶ್ಯದಲ್ಲಿ ನೆಲ, ಛಾವಣಿ, ತಂತಿ ಎಲ್ಲೆಡೆ ಹಕ್ಕಿಗಳು ಸುಮ್ಮನೆ ಕುಳಿತಿರುವಾಗ ಮನೆಯವರು ಮೆಲ್ಲನೆ ಕಾರು ಹೊರಡಿಸುತ್ತಾರೆ. ಆ ಹೊತ್ತಿನ ನಿಶ್ಶಬ್ದವೂ ಎಲೆಕ್ಟ್ರಾನಿಕ್ ಆಗಿರಬೇಕು, ದೂರದ ಸಮುದ್ರದಂತೆ ಏಕತಾನವಾಗಿರಬೇಕು ಎಂಬುದು ಹಿಚ್‌ಕಾಕ್ ಅವರ ಬಯಕೆಯಾಗಿತ್ತು.

ಚಿತ್ರದ ಟೈಟಲ್ ಕಾರ್ಡ್‌ನಲ್ಲಿ ಎಲೆಕ್ಟ್ರಾನಿಕ್ ಧ್ವನಿ ನಿರ್ಮಾಣ ಮತ್ತು ಸಂಯೋಜನೆ ಎಂದು ಗ್ಯಾಸ್‌ಮನ್ ಮತ್ತು ಸಾಲಾ ಇಬ್ಬರ ಹೆಸರೂ ಇದೆ. 1963ರ ಮಾರ್ಚ್‌ನಲ್ಲಿ ಚಿತ್ರ ತೆರೆಕಂಡಿತು. ದೃಶ್ಯ ತಂತ್ರಗಳಿಗಾಗಿ ಅದು ಆಸ್ಕರ್ ನಾಮನಿರ್ದೇಶನ ಪಡೆಯಿತು, ಧ್ವನಿಗಾಗಿ ಪಡೆಯಲಿಲ್ಲ. ಚಿತ್ರ ಸಂಗೀತಕ್ಕಾಗಿ ಹಲವು ಪ್ರಶಸ್ತಿ ಗಳಿಸಿದ ಸಾಲಾ ಅವರ ಹೆಸರಿನಲ್ಲೇ ಆಸ್ಕರ್ ಇತ್ತು. ಆಸ್ಕರ್ ಮಾತ್ರ ಒಲಿಯಲಿಲ್ಲ.

ಬೇರೆ ಯಾರೂ ಏಕೆ ಕಲಿಯಲಿಲ್ಲ?

'ದಿ ಬರ್ಡ್ಸ್' ಬಂದ ಮರುವರ್ಷ, 1964ರಲ್ಲಿ, ಅಮೆರಿಕದಲ್ಲಿ ರಾಬರ್ಟ್ ಮೂಗ್ ತಮ್ಮ ಸಿಂಥಸೈಸರ್‌ನ ಮೊದಲ ಮಾದರಿ ತೋರಿಸಿದರು. ಅದಕ್ಕೆ ಪಿಯಾನೊದಂಥ ಕೀಬೋರ್ಡ್ ಇತ್ತು. ಪಿಯಾನೊ ಬಲ್ಲ ಯಾರೇ ಆದರೂ ಅದರ ಮುಂದೆ ಕೂತು ಒಂದು ರಾಗ ನುಡಿಸಬಹುದಿತ್ತು. ಜರ್ಮನಿಯಲ್ಲೇ 1970ರಲ್ಲಿ ಡ್ಯುಸೆಲ್‌ಡಾರ್ಫ್‌ನ ಕ್ರಾಫ್ಟ್‌ವರ್ಕ್ ತಂಡ ಹುಟ್ಟಿತು. ಕೆಲವೇ ವರ್ಷಗಳಲ್ಲಿ ಎಲೆಕ್ಟ್ರಾನಿಕ್ ಸಂಗೀತ ಎಂದರೆ ಪಾಪ್ ಸಂಗೀತ ಎಂಬಷ್ಟು ಅದು ಜನಪ್ರಿಯವಾಯಿತು.

ಟ್ರೌಟೋನಿಯಂ ಆ ಅಲೆಯಲ್ಲಿ ಸೇರಲಿಲ್ಲ. ಕಾರಣ ಸರಳ. ಮಿಕ್ಸ್ಚರ್ ಟ್ರೌಟೋನಿಯಂ ಕಾರ್ಖಾನೆಯಿಂದ ಬಂದ ವಸ್ತುವಲ್ಲ. ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಅದನ್ನು ಕಲಿಯಲು ಪಾಠಪುಸ್ತಕ, ಶಾಲೆ ಇರಲಿಲ್ಲ. ವರ್ಷಗಟ್ಟಲೆ ಸಾಲಾ ತಮ್ಮ ಕೈಗೆ ತಕ್ಕಂತೆ ಅದನ್ನು ತಿದ್ದುತ್ತ ಬಂದಿದ್ದರು. ಗೆನ್ಜ್‌ಮರ್ 1952ರಲ್ಲಿ ಮಿಕ್ಸ್ಚರ್ ಟ್ರೌಟೋನಿಯಂಗಾಗಿ ಇನ್ನೊಂದು ದೊಡ್ಡ ಕೃತಿ ಬರೆದರು. ಅದನ್ನು ಕೇಳಬೇಕೆಂದರೆ ಸಾಲಾ ಬರಬೇಕಿತ್ತು. ಅವರು ಬಾರದಿದ್ದರೆ ಕಛೇರಿಯೇ ಇಲ್ಲ.

ವಾದ್ಯವೊಂದು ಉಳಿಯಲು ಒಳ್ಳೆಯ ದನಿ ಇದ್ದರೆ ಸಾಲದು. ಅದನ್ನು ತಯಾರಿಸುವವರು, ರಿಪೇರಿ ಮಾಡುವವರು, ಕಲಿಸುವವರು, ಕಲಿಯುವವರು ಬೇಕು. ಇವೆಲ್ಲ ಟ್ರೌಟೋನಿಯಂ ವಿಷಯದಲ್ಲಿ ಒಬ್ಬರೇ ವ್ಯಕ್ತಿಯಾಗಿದ್ದರು. ಅದು ಸಾಲಾ ಅವರ ಹಿರಿಮೆ, ಅವರ ವಾದ್ಯದ ದುರದೃಷ್ಟ.

ಕೊನೆಯ ವರ್ಷಗಳು

1980ರ ದಶಕದಲ್ಲಿ ಬರ್ಲಿನ್‌ನ ತಾಂತ್ರಿಕ ಕಾಲೇಜೊಂದರ ಮೂವರು ಪ್ರಾಧ್ಯಾಪಕರು ಈ ಅಪಾಯವನ್ನು ಮನಗಂಡರು. ಹಳೆಯ ಕವಾಟಗಳ ಬದಲು ಹೊಸ ಕಾಲದ ಚಿಪ್‌ಗಳನ್ನು ಬಳಸಿ ಮಿಕ್ಸ್ಚರ್ ಟ್ರೌಟೋನಿಯಂನ ಹೊಸ ಅವತಾರ ಕಟ್ಟಿದರು. 1988ರಲ್ಲಿ ಅದು ಪೂರ್ಣಗೊಂಡಿತು. ಎಪ್ಪತ್ತು ದಾಟಿದ ಮೇಲೂ ಸಾಲಾ ಹೊಸ ವಾದ್ಯಕ್ಕೆ ಕೈ ಒಗ್ಗಿಸಿಕೊಂಡು ವೇದಿಕೆ ಏರಿದರು. 'ಮೈ ಫ್ಯಾಸಿನೇಟಿಂಗ್ ಇನ್‌ಸ್ಟ್ರುಮೆಂಟ್' (1990) ಮತ್ತು 'ಸಬ್‌ಹಾರ್ಮೋನಿಷೆ ಮಿಕ್ಸ್‌ಟೂರನ್' (1997) ಈ ಅವಧಿಯಲ್ಲಿ ಬಂದ ಆಲ್ಬಂಗಳು.

1995ರಲ್ಲಿ ಅವರು ತಮ್ಮ ಮೂಲ ಮಿಕ್ಸ್ಚರ್ ಟ್ರೌಟೋನಿಯಂ ಅನ್ನು ಬಾನ್ ನಗರದ ಡಾಯ್ಚಸ್ ಮ್ಯೂಸಿಯಂಗೆ ಕೊಟ್ಟರು. 2002ರ ಫೆಬ್ರವರಿ 26ರಂದು ಬರ್ಲಿನ್‌ನಲ್ಲಿ ನಿಧನರಾದಾಗ ಅವರಿಗೆ 91 ವರ್ಷ. ಅವರ ಟೇಪ್‌ಗಳು, ಕಾಗದಪತ್ರಗಳು ಮ್ಯೂನಿಕ್‌ನ ಡಾಯ್ಚಸ್ ಮ್ಯೂಸಿಯಂ ಸೇರಿದವು. 1930ರ ಮೊದಲ ಕಛೇರಿಯಿಂದ ಲೆಕ್ಕ ಹಾಕಿದರೆ ಆ ವಾದ್ಯದ ಜೊತೆಗಿನ ಅವರ ಒಡನಾಟ 70 ವರ್ಷ ದಾಟಿತ್ತು.

ಈಗ ಟ್ರೌಟೋನಿಯಂ ಎಲ್ಲಿದೆ?

ಸಾಲಾ ತೀರಿಕೊಂಡಾಗ ವಾದ್ಯವೂ ಮ್ಯೂಸಿಯಂ ವಸ್ತುವಾಯಿತು ಎಂದೇ ಹಲವರು ಭಾವಿಸಿದ್ದರು. ಪೂರ್ತಿ ಹಾಗಾಗಲಿಲ್ಲ. ಮ್ಯೂನಿಕ್‌ನ ಸಂಗೀತಗಾರ ಪೀಟರ್ ಪಿಶ್ಲರ್ ಮಿಕ್ಸ್ಚರ್ ಟ್ರೌಟೋನಿಯಂ ಕಲಿತು, ಹಿಂಡೆಮಿತ್ ಮತ್ತು ಗೆನ್ಜ್‌ಮರ್ ಕೃತಿಗಳನ್ನು ಮತ್ತೆ ವೇದಿಕೆಗೆ ತಂದಿದ್ದಾರೆ. ಮೂಗ್ ಕಂಪನಿ 2020ರಲ್ಲಿ ಮಾರುಕಟ್ಟೆಗೆ ಬಿಟ್ಟ 'ಸಬ್‌ಹಾರ್ಮೋನಿಕಾನ್' ಎಂಬ ಸಿಂಥಸೈಸರ್‌ಗೆ ಮಿಕ್ಸ್ಚರ್ ಟ್ರೌಟೋನಿಯಂ ಸ್ಫೂರ್ತಿಗಳಲ್ಲಿ ಒಂದು. ಕೆಳಮುಖವಾಗಿ ಭಾಗಿಸುವ ಅದೇ ಸ್ವರ ಲೆಕ್ಕ ಅದರಲ್ಲಿದೆ. 2022ರ ಜುಲೈ 18ರಂದು, ಸಾಲಾ ಅವರ 112ನೇ ಜನ್ಮದಿನಕ್ಕೆ, ಗೂಗಲ್ ತನ್ನ ಮುಖಪುಟದಲ್ಲಿ ಡೂಡಲ್ ಮೂಲಕ ಅವರನ್ನು ನೆನೆಯಿತು.

ಪ್ರಮುಖ ಘಟ್ಟಗಳು

1910: ಗ್ರೈಟ್ಸ್‌ನಲ್ಲಿ ಜನನ
1929: ಬರ್ಲಿನ್‌ನಲ್ಲಿ ಹಿಂಡೆಮಿತ್ ಬಳಿ ಸಂಗೀತ ಕಲಿಕೆ
1930: ಟ್ರೌಟೋನಿಯಂನ ಮೊದಲ ಸಾರ್ವಜನಿಕ ಕಛೇರಿ
1933: ಟೆಲಿಫಂಕನ್‌ನ ಗೃಹಬಳಕೆಯ ಮಾದರಿ ಮಾರುಕಟ್ಟೆಗೆ
1938: ಕಛೇರಿ ಟ್ರೌಟೋನಿಯಂ
1940: ಬರ್ಲಿನ್ ಫಿಲ್ಹಾರ್ಮೋನಿಕ್ ಜೊತೆ ಗೆನ್ಜ್‌ಮರ್ ಕೃತಿ
1952: ಮಿಕ್ಸ್ಚರ್ ಟ್ರೌಟೋನಿಯಂ ಅನಾವರಣ
1958: ಬರ್ಲಿನ್‌ನಲ್ಲಿ ಸ್ವಂತ ಸ್ಟುಡಿಯೊ
1961: ನ್ಯೂಯಾರ್ಕ್‌ನಲ್ಲಿ 'ಎಲೆಕ್ಟ್ರಾನಿಕ್ಸ್' ಬ್ಯಾಲೆ
1963: 'ದಿ ಬರ್ಡ್ಸ್' ತೆರೆಗೆ
1988: ಚಿಪ್ ಆಧಾರಿತ ಹೊಸ ವಾದ್ಯ ಪೂರ್ಣ
1995: ಮೂಲ ವಾದ್ಯ ಮ್ಯೂಸಿಯಂಗೆ ಕೊಡುಗೆ
2002: ಬರ್ಲಿನ್‌ನಲ್ಲಿ ನಿಧನ

ಸಾಲಾ ಅವರನ್ನು ಮೊದಲ ಬಾರಿ ಕೇಳುವವರು 'ದಿ ಬರ್ಡ್ಸ್' ಚಿತ್ರವನ್ನು ಹೆಡ್‌ಫೋನ್ ಹಾಕಿಕೊಂಡು ಇನ್ನೊಮ್ಮೆ ನೋಡಬಹುದು. ನಂತರ ಹಿಂಡೆಮಿತ್ ಅವರ 1930ರ ಮೂರು ಟ್ರೌಟೋನಿಯಂ ಕೃತಿಗಳನ್ನು ಕೇಳಿದರೆ, ಹೆದರಿಸುವ ಕೆಲಸಕ್ಕೆ ಹೋಗುವ ಮೊದಲು ಈ ವಾದ್ಯ ಎಷ್ಟು ಮೆದುವಾಗಿ ಹಾಡುತ್ತಿತ್ತು ಎಂಬುದು ತಿಳಿಯುತ್ತದೆ.